ಗಂಡನ ವೀಸಾದ ಸಂಬಳ

ಹೆಂಗಸರಿಗೂ ಗಂಡಸರಷ್ಟೇ ಸಂಬಳ ಕೊಡುತ್ತೇವೆ ಎಂದು ನಮ್ಮ ಆಫೀಸಿನಲ್ಲಿ ಹೇಳಿದ ದಿನ ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ. ಮೀಟಿಂಗ್ ರೂಮಿನ ಗೋಡೆಗೆ ಒರಗಿ ನಿಂತಿದ್ದ ನಾವು ನಾಲ್ಕೈದು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕುರ್ಚಿಗಳಲ್ಲಿ ಕೂತಿದ್ದ ಗಂಡಸರು ನಮ್ಮೆಲ್ಲರ ಮುಖ ನೋಡಿದರು. ಇದರಲ್ಲಿ ಏನೋ ಮಸಲತ್ತು ಇದೆ ಎಂದು ನನಗೆ ಆಗಲೇ ಅನ್ನಿಸಿತು. ನಾನೇನೂ ಹುಟ್ಟಿನಿಂದ ಅನುಮಾನದ ಹೆಂಗಸಲ್ಲ. ಆದರೆ ದುಬೈಯಲ್ಲಿ ಕೆಲವು ವರ್ಷ ಸಂಬಳಕ್ಕೆ ದುಡಿದವರಿಗೆ, ಕಂಪನಿ ತಾನಾಗಿಯೇ ಏನಾದರೂ ಕೊಡುತ್ತೇನೆ ಎಂದಾಗ ಕೈ ಚಾಚುವ ಮೊದಲು ಕೈಚೀಲದ ಜಿಪ್ ಎಳೆದುಕೊಳ್ಳುವ ಅಭ್ಯಾಸ ಬಂದುಬಿಟ್ಟಿರುತ್ತದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ದುಬೈಯ ದೇರಾದಲ್ಲಿದ್ದ ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿ ನಾನು ನಕ್ಷೆ ಬರೆಯುವ ಕೆಲಸಕ್ಕಿದ್ದೆ. ಹೊಸ ಬಡಾವಣೆಗಳಿಗೆ ಕುಡಿಯುವ ನೀರು ಎಲ್ಲಿಂದ ಬರಬೇಕು, ಕೊಳೆ ನೀರು ಎಲ್ಲಿಗೆ ಹೋಗಬೇಕು ಎಂಬ ನಕ್ಷೆಗಳು. ಮಾಲೀಕರು ಇಲ್ಲಿನ ಅರಬರಾದರೂ ಆಫೀಸು ನಡೆಸುತ್ತಿದ್ದವರು ಇಂಗ್ಲಿಷಿನವರು. ಯಾರಿಗೆ ಯಾವ ದರ್ಜೆ, ಯಾವ ದರ್ಜೆಗೆ ಎಷ್ಟು ಸಂಬಳ, ಯಾರಿಗೆ ವಿಮಾನದ ಟಿಕೆಟ್ಟು, ಯಾರಿಗಿಲ್ಲ ಎಂಬುದೆಲ್ಲ ಅವರ ಹಳೆಯ ವಸಾಹತುಗಳ ಸರ್ಕಾರಿ ನೌಕರಿಯ ಮಾದರಿಯಲ್ಲೇ ನಡೆಯುತ್ತಿತ್ತು. ಬ್ರಿಟಿಷರು ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲೂ ಅವರ ದರ್ಜೆಗಳು ಇಲ್ಲೇ ಉಳಿದಿದ್ದವು.

ನಾನು ಗಂಡನ ವೀಸಾದ ಹೆಂಗಸು. ಗಲ್ಫಿನಲ್ಲಿ ಇರದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಂಡಸಿಗೆ ಅವನ ಕಂಪನಿ ವೀಸಾ ಕೊಡುತ್ತದೆ. ಅವನು ತನ್ನ ವೀಸಾದ ಬಲದಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುತ್ತಾನೆ. ಹಾಗೆ ಬಂದ ಹೆಂಡತಿ ಕೆಲಸಕ್ಕೆ ಸೇರಬೇಕಾದರೆ ‘ನನ್ನ ಅಭ್ಯಂತರವಿಲ್ಲ’ ಎಂದು ಗಂಡ ಬರೆದುಕೊಡಬೇಕು. ಎಲ್ಲರೂ ಅದನ್ನು ಎನ್‌ಒಸಿ ಎನ್ನುತ್ತಿದ್ದರು. ಇಂಥ ಹೆಂಗಸರೆಂದರೆ ಕಂಪನಿಗಳಿಗೆ ಬಲು ಪ್ರೀತಿ. ವೀಸಾದ ಖರ್ಚಿಲ್ಲ, ಮನೆ ಬಾಡಿಗೆ ಭತ್ಯೆ ಕೊಡಬೇಕಿಲ್ಲ, ಊರಿಗೆ ಹೋಗಲು ಟಿಕೆಟ್ಟಿನ ಮಾತಿಲ್ಲ. ‘ನಿನ್ನ ಗಂಡನಿಗೆ ಹೇಗೂ ಎಲ್ಲ ಸಿಗುತ್ತಲ್ಲ’ ಎಂಬ ಒಂದು ಮಾತಿನಲ್ಲಿ ಮೂಲ ಸಂಬಳವನ್ನೂ ಕೆಳಗಿಳಿಸುತ್ತಿದ್ದರು.

ನನ್ನ ಸಂಬಳ ಗೊತ್ತುಮಾಡಿದ್ದು ಹೇಗೆಂದರೆ, ಸೇರುವ ದಿನ ನನ್ನ ಗಂಡ ಎನ್‌ಒಸಿ ಹಿಡಿದುಕೊಂಡು ನನ್ನ ಜೊತೆಗೇ ಬಂದಿದ್ದರು. ಆಗಿನ ಮ್ಯಾನೇಜರು ನನ್ನ ಡಿಪ್ಲೊಮಾ ಸರ್ಟಿಫಿಕೇಟು ನೋಡಿ, ನಾನು ಬರೆದ ನಕ್ಷೆ ನೋಡಿ, ಸಂಬಳದ ಮಾತು ಬಂದಾಗ ಇವರ ಕಡೆ ತಿರುಗಿದ. ಅವರಿಬ್ಬರೂ ಕರಿ ಚಹಾ ಕುಡಿಯುತ್ತಾ ಮಾತಾಡಿಕೊಂಡರು. ‘ಶಿ ಈಸ್ ಸಿಟ್ಟಿಂಗ್ ಅಟ್ ಹೋಮ್ ಓನ್ಲಿ, ಸರ್’ ಎಂದರು ನನ್ನ ಗಂಡ, ಎಷ್ಟು ಕೊಟ್ಟರೂ ಆದೀತು ಎನ್ನುವ ದಾಕ್ಷಿಣ್ಯದಲ್ಲಿ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಉಡುಪಿಯ ಪಾಲಿಟೆಕ್ನಿಕ್‌ನಲ್ಲಿ ಹುಡುಗರ ನಡುವೆ ಕೂತು ಕಲಿತ ವಿದ್ಯೆ ಅದು. ಮೈ ಉರಿದರೂ ಹೊಸ ದೇಶ, ಹೊಸ ಕೆಲಸ ಎಂದು ಸುಮ್ಮನಾದೆ.

ನನ್ನ ಪಕ್ಕದ ಮೇಜಿನವ ಪುತ್ತೂರಿನ ಕಡೆಯವ. ನನಗಿಂತ ಕಿರಿಯ, ನನಗಿಂತ ತಡವಾಗಿ ಸೇರಿದವ. ಅದೇ ಡಿಪ್ಲೊಮಾ, ಅದೇ ಕಂಪ್ಯೂಟರು. ಒಂದು ರಸ್ತೆಯ ಅರ್ಧ ಪೈಪು ನಾನು ಬರೆದರೆ ಉಳಿದರ್ಧ ಅವನು ಬರೆಯುತ್ತಿದ್ದ. ಇಬ್ಬರ ನಕ್ಷೆಯನ್ನೂ ಜೋಡಿಸಿದರೆ ಎಲ್ಲಿ ನನ್ನದು ಮುಗಿದು ಎಲ್ಲಿ ಅವನದು ಶುರುವಾಯಿತು ಎಂದು ದೊಡ್ಡ ಇಂಜಿನಿಯರಿಗೂ ಗೊತ್ತಾಗುತ್ತಿರಲಿಲ್ಲ. ಸಂಬಳದ ದಿನ ಮಾತ್ರ ಚೆನ್ನಾಗಿ ಗೊತ್ತಾಗುತ್ತಿತ್ತು. ಅವನು ಒಳ್ಳೆಯವ, ‘ಅಕ್ಕ’ ಎಂದೇ ಕರೆಯುತ್ತಿದ್ದ, ಊರಿಂದ ಬರುವಾಗ ನನಗೂ ಹಲಸಿನ ಹಪ್ಪಳ ತರುತ್ತಿದ್ದ. ಆ ಹಪ್ಪಳ ತಿನ್ನುವಾಗಲೂ ಇದು ಅವನಿಗೆ ಸಿಕ್ಕ ಟಿಕೆಟ್ಟಿನಲ್ಲಿ ಬಂದದ್ದು ಎಂದು ನನಗೆ ನೆನಪಾಗುತ್ತಿತ್ತು. ಅಷ್ಟು ಸಣ್ಣತನ ನನ್ನಲ್ಲಿತ್ತು, ಇರಲಿ.

ಸಮಾನ ಸಂಬಳದ ಸುದ್ದಿ ತಂದವನು ಹೊಸದಾಗಿ ಬಂದಿದ್ದ ಸಿಬ್ಬಂದಿ ಮ್ಯಾನೇಜರು. ಬೆಳ್ಳಗಿನ ಹುಬ್ಬಿನ ಮುದುಕ ಸಾಹೇಬ. ಪೂರ್ವದ ಕಡೆಯ ಯಾವುದೋ ಬ್ರಿಟಿಷ್ ವಸಾಹತಿನಲ್ಲಿ ಜೀವಮಾನವೆಲ್ಲ ಸರ್ಕಾರಿ ಅಧಿಕಾರಿಯಾಗಿದ್ದು ನಿವೃತ್ತನಾಗಿ, ಸುಮ್ಮನೆ ಕೂರಲಾರದೆ ಇಲ್ಲಿಗೆ ಬಂದಿದ್ದ. ತಾನು ಎಳೆಯ ಅಧಿಕಾರಿಯಾಗಿದ್ದಾಗ ಅಲ್ಲಿನ ಸರ್ಕಾರಿ ಹೆಂಗಸರಿಗೆ ಸಮಾನ ಸಂಬಳ ಜಾರಿಗೆ ತಂದ ಕಥೆಯನ್ನು ಮೀಟಿಂಗಿನಲ್ಲಿ ರಸವತ್ತಾಗಿ ಹೇಳಿದ. ಅಲ್ಲಿ ಮದುವೆಯಾದ ತಕ್ಷಣ ಹೆಂಗಸಿನ ಕೆಲಸವನ್ನು ಕಾಯಂನಿಂದ ತಾತ್ಕಾಲಿಕಕ್ಕೆ ಇಳಿಸುತ್ತಿದ್ದರಂತೆ. ಗಂಡಸು ಗುಮಾಸ್ತರು ಗುಂಪು ಕಟ್ಟಿಕೊಂಡು ಬಂದು ‘ಅವಳಿಗೆ ಗಂಡನಿದ್ದಾನೆ, ನನಗೆ ಸಾಕುವ ಸಂಸಾರವಿದೆ’ ಎಂದು ತಕರಾರು ತೆಗೆದರಂತೆ. ‘ಗಂಡಸರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಹೆಂಗಸರನ್ನು ನಂಬಿಸುವುದೇ ಕಷ್ಟವಾಯಿತು. ಯಾವ ತಿಂಗಳು ವಾಪಸು ಕಿತ್ತುಕೊಳ್ಳುತ್ತೀರಿ ಎಂದು ನನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು’ ಎಂದು ನಕ್ಕ. ನಾವು ನಗಲಿಲ್ಲ. ನಮಗೂ ಅದನ್ನೇ ಕೇಳಬೇಕಿತ್ತು.

ಕೊನೆಗೆ ಷರತ್ತು ಹೇಳಿದ. ಒಂದೇ ಕೆಲಸಕ್ಕೆ ಒಂದೇ ಸಂಬಳ, ಒಂದೇ ಮನೆ ಭತ್ಯೆ, ಒಂದೇ ಟಿಕೆಟ್ಟು. ಆದರೆ ಗಂಡಸರಿಗಿರುವ ಕರಾರೇ ನಮಗೂ. ಅಂದರೆ ಗಂಡನ ವೀಸಾ ರದ್ದಾಗಬೇಕು, ನಾವು ಕಂಪನಿಯ ವೀಸಾಕ್ಕೆ ಬರಬೇಕು. ರದ್ದಿಗೆ ಗಂಡ ಸಹಿ ಹಾಕಬೇಕು. ರಂಜಾನ್ ಮುಗಿದು ಈದ್ ರಜೆ ಶುರುವಾಗುವುದರೊಳಗೆ ಕಾಗದ ತಂದವರಿಗೆ ಹೊಸ ಸಂಬಳ, ತರದವರಿಗೆ ಹಳೆಯದೇ.

ರಂಜಾನ್ ತಿಂಗಳಲ್ಲಿ ಆಫೀಸಿನಲ್ಲಿ ಎಲ್ಲರೆದುರು ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ಉಪವಾಸ ಇಲ್ಲದ ನಾವು ಹೆಂಗಸರು ಹಳೆಯ ನಕ್ಷೆಗಳನ್ನು ಇಡುವ ಕೋಣೆಯ ಬಾಗಿಲು ಹಾಕಿಕೊಂಡು ಬುತ್ತಿ ಬಿಚ್ಚುತ್ತಿದ್ದೆವು. ಮೊದಲೇ ಕದ್ದು ತಿನ್ನುವವರ ದನಿ, ಅದರಲ್ಲಿ ಈ ಸುದ್ದಿ. ಇಡೀ ತಿಂಗಳು ಆ ಕೋಣೆಯಲ್ಲಿ ಪಿಸುಮಾತೇ. ನಮ್ಮಲ್ಲಿ ಹಿರಿಯರು ಅಕೌಂಟ್ಸಿನ ಚೇಚಿ. ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಇಡೀ ಆಫೀಸಿಗೇ ಅವರು ಚೇಚಿ. ಅವರಷ್ಟು ಅನುಮಾನದ ಪ್ರಾಣಿಯನ್ನು ನಾನು ಕಂಡಿಲ್ಲ. ಮೊಸರಿನ ಡಬ್ಬಿ ಕೊಂಡರೂ ತಾರೀಕನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡುವವರು.

‘ಪಾಸ್‌ಪೋರ್ಟ್ ಯಾರ ಹತ್ರ ಇರುತ್ತೆ? ಅದು ಕೇಳು ಮೊದಲು’ ಎಂದರು ಚೇಚಿ, ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ. ಕಂಪನಿಯ ವೀಸಾದಲ್ಲಿದ್ದ ಗಂಡಸರ ಪಾಸ್‌ಪೋರ್ಟುಗಳೆಲ್ಲ ಆಗ ಕಂಪನಿಯ ತಿಜೋರಿಯಲ್ಲಿ ಇರುತ್ತಿದ್ದವು. ನನ್ನದು ಮನೆಯಲ್ಲಿ, ನನ್ನ ಸೀರೆಗಳ ನಡುವೆ ಇತ್ತು. ಗಂಡನ ವೀಸಾದವಳು ಈ ಕೆಲಸ ಬೇಡವೆಂದರೆ ನಾಳೆಯೇ ಬಿಟ್ಟು ನಾಡಿದ್ದು ಇನ್ನೊಂದು ಕಡೆ ಸೇರಬಹುದಿತ್ತು. ಕಂಪನಿಯ ವೀಸಾದವರು ಬಿಟ್ಟರೆ ಆರು ತಿಂಗಳ ಬ್ಯಾನ್ ಬೀಳುತ್ತಿತ್ತು. ಇನ್ನೊಂದು ಕೆಲಸಕ್ಕೆ ಸೇರುವಂತಿಲ್ಲ, ಸಾಮಾನು ಕಟ್ಟಬೇಕು, ಖಲಾಸ್. ‘ನೋಡಿದೆಯಾ? ಇದು ಪಗಾರ ಅಲ್ಲ, ಹಗ್ಗ. ಒಂದು ವರ್ಷ ಕೊಡ್ತಾರೆ, ಆಮೇಲೆ ನಾವು ಎಲ್ಲಿಗೂ ಹೋಗೋ ಹಾಗಿಲ್ಲ ಅಂತ ಗೊತ್ತಾದ ಮೇಲೆ ತಮ್ಮ ಬಣ್ಣ ತೋರಿಸ್ತಾರೆ’ ಎಂದರು ಚೇಚಿ. ಕೋಣೆಯಲ್ಲಿದ್ದ ಎಲ್ಲರೂ ತಲೆಯಾಡಿಸಿದೆವು. ನನಗೆ ಆಗ ಹೊಳೆದದ್ದು ಬೇರೆ: ಹಾಗಾದರೆ ಪುತ್ತೂರಿನವ ಇಷ್ಟು ವರ್ಷ ಆ ಹಗ್ಗದಲ್ಲೇ ಇದ್ದಾನಲ್ಲ. ಅದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ.

ಅವನೂ ಆ ದಿನಗಳಲ್ಲಿ ಬದಲಾಗಿದ್ದ. ಮಾತು ಕಡಿಮೆ, ನಯ ಜಾಸ್ತಿ. ಒಂದು ಮಧ್ಯಾಹ್ನ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು, ‘ಅಕ್ಕ, ನೀವು ಸೈನ್ ಮಾಡ್ತೀರಾ?’ ಎಂದ.

‘ನಿನ್ನನ್ನು ಯಾರು ಕಳ್ಸಿದ್ದು?’ ಎಂದೆ ನಾನು.

‘ಯಾರೂ ಕಳ್ಸ್ಲಿಲ್ಲ ಮಾರಾಯ್ರೆ! ಸುಮ್ನೆ ಕೇಳಿದ್ದು.’

‘ಸುಮ್ನೆ ಕೇಳ್ಳಿಕ್ಕೆ ಕುರ್ಚಿ ಎಳ್ಕೊಂಡು ಬರ್ಬೇಕಾ?’

ಅವನು ತಲೆ ಕೆರೆದುಕೊಂಡ. ‘ಹಾಗಲ್ಲ ಅಕ್ಕ. ಎಲ್ಲ ಒಂದೇ ಗಂಟಿಂದ ಬರುವುದಲ್ವಾ? ನಿಮಗೆಲ್ಲ ಹೌಸಿಂಗ್ ಭತ್ಯೆ ಕೊಟ್ರೆ ಈ ವರ್ಷ ನಮ್ಮ ಇನ್‌ಕ್ರಿಮೆಂಟಿಗೆ ಕತ್ತರಿ ಬೀಳ್ತದೆ ಅಂತ ಮಾತುಂಟು. ನನಗೆ ಊರಲ್ಲಿ ತಂಗಿಯ ಮದುವೆ ಉಂಟು.’ ಅವನ ಮುಖ ನೋಡಿ ಪಾಪ ಅನ್ನಿಸಿತು, ಅದರ ಜೊತೆಗೇ ಸಿಟ್ಟೂ ಬಂತು. ನನ್ನ ಕಡಿಮೆ ಸಂಬಳದಿಂದ ಅವನ ತಂಗಿಯ ಮದುವೆಯಾಗಬೇಕು ಎಂದು ಯಾರೂ ನನ್ನನ್ನು ಕೇಳಿರಲಿಲ್ಲವಲ್ಲ. ಪರದೆಯ ಕಡೆ ತಿರುಗಿದೆ. ಆ ವಾರ ನಾವಿಬ್ಬರೂ ಬರೆದ ಪೈಪು ನಡುವೆ ಒಂದು ಕಡೆ ಸರಿಯಾಗಿ ಸೇರಲಿಲ್ಲ, ಬೈಸಿಕೊಂಡೆವು.

ಮನೆಯಲ್ಲಿ ನಾನು ಇದನ್ನೆಲ್ಲ ದಿನವೂ ಗಂಡನ ಹತ್ತಿರ ಹೇಳುತ್ತಿದ್ದೆ. ಕರಾಮದಲ್ಲಿ ನಮ್ಮದೊಂದು ಹಳೆಯ ಫ್ಲ್ಯಾಟು. ಕೆಳಗೆ ಉಡುಪಿ ಹೋಟೆಲು, ಬೆಳಿಗ್ಗೆ ಸಾಂಬಾರಿನ ಪರಿಮಳ ಮೂರನೇ ಮಹಡಿಗೂ ಬರುತ್ತಿತ್ತು. ಇವರಿಗೆ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಮ್ಯಾನೇಜರ್ ಕೆಲಸ. ಎಲ್ಲ ಕೇಳಿಸಿಕೊಂಡು, ‘ಅವಸರ ಮಾಡ್ಬೇಡ. ಕಂಪನಿಯವರನ್ನು ನಂಬ್ಲಿಕ್ಕಾಗುದಿಲ್ಲ’ ಎನ್ನುತ್ತಿದ್ದರು. ತಮ್ಮ ಪಾಸ್‌ಪೋರ್ಟಿನ ಕಥೆ ಹೇಳುತ್ತಿದ್ದರು. ಊರಿನಲ್ಲಿ ಭಾವನಿಗೆ ಆಪರೇಷನ್ ಆದಾಗ ಅದು ಇವರ ಕೈಗೆ ಬಂದದ್ದು ವಿಮಾನ ಹೊರಡುವ ದಿನ ಬೆಳಿಗ್ಗೆ. ನನ್ನ ಸುರಕ್ಷತೆಗೆ ಇಷ್ಟು ಯೋಚಿಸುತ್ತಾರಲ್ಲ ಎಂದು ನನಗೆ ಹಿತವಾಗುತ್ತಿತ್ತು. ಸಹಿಯ ಮಾತು ಎತ್ತಿದರೆ ಮಾತ್ರ ‘ಮುಂದಿನ ವಾರ ನೋಡುವ’ ಎನ್ನುತ್ತಿದ್ದರು. ಮುಂದಿನ ವಾರ ಗೋದಾಮಿಗೆ ಕಂಟೇನರ್ ಬರುತ್ತಿತ್ತು. ಅದರ ಮುಂದಿನ ವಾರ ಇವರ ಬೆನ್ನು ನೋಯುತ್ತಿತ್ತು.

ರಂಜಾನ್ ಅರ್ಧ ಕಳೆದಿರಬೇಕು, ಒಂದು ದಿನ ಚೇಚಿ ಬುತ್ತಿ ಬಿಚ್ಚುತ್ತಾ, ‘ನನ್ನ ಕಾಗದ ಕೊಟ್ಟಾಯಿತು’ ಎಂದರು. ನನ್ನ ಕೈಯಲ್ಲಿದ್ದ ಚಪಾತಿ ಹಾಗೇ ನಿಂತಿತು. ಹಗ್ಗ ಎಂದವರು ಅವರೇ, ಮೊದಲು ಕುತ್ತಿಗೆ ಕೊಟ್ಟವರೂ ಅವರೇ! ‘ಹಗ್ಗ ಅಂತ ಗೊತ್ತಿದ್ದೇ ಹಾಕ್ಕೊಂಡೆ. ಗಂಡಸರಿಗೆ ಹಗ್ಗಾನೂ ಉಂಟು, ದುಡ್ಡೂ ಉಂಟು. ನನಗೆ ಬರೀ ಗಾಳಿ ಯಾಕೆ?’ ಎಂದರು. ಆಮೇಲೆ ದನಿ ಇನ್ನೂ ತಗ್ಗಿಸಿ, ‘ನಿನ್ನವರು ಯಾಕೆ ಸೈನ್ ಮಾಡ್ತಿಲ್ಲ? ಅವರ ಕಂಪನಿಯಲ್ಲಿ ಫ್ಯಾಮಿಲಿ ಸ್ಟೇಟಸ್ ಅಲ್ವಾ? ಹೆಂಡತಿ ಅವರ ವೀಸಾದಿಂದ ಹೋದರೆ ಅವರ ಹೌಸಿಂಗ್ ಏನಾಗುತ್ತೆ, ಕೇಳಿದೆಯಾ?’ ಎಂದರು.

ಕೇಳಿರಲಿಲ್ಲ. ಕಂಪನಿಯನ್ನು ಅನುಮಾನಿಸಿದ್ದೆ, ಸಾಹೇಬನ ನಗುವನ್ನು ಅನುಮಾನಿಸಿದ್ದೆ, ಹಪ್ಪಳ ತಂದುಕೊಟ್ಟವನನ್ನೂ ಅನುಮಾನಿಸಿದ್ದೆ. ಮನೆಯೊಳಗೆ ಅನುಮಾನಿಸಲು ಏನಾದರೂ ಇದೆ ಎಂದು ನನಗೆ ತೋಚಿರಲೇ ಇಲ್ಲ.

ಶುಕ್ರವಾರ ರಜೆ. ಇವರು ಕರಾಮದ ಮೀನು ಮಾರ್ಕೆಟ್ಟಿನಿಂದ ಬಂಗುಡೆ ತಂದು ಸಿಂಕಿನ ಹತ್ತಿರ ಇಟ್ಟರು. ನಾನು ಕೈ ಒರೆಸಿಕೊಂಡು ನೇರವಾಗಿ ಕೇಳಿಯೇಬಿಟ್ಟೆ.

‘ನಾನು ನಿಮ್ಮ ವೀಸಾದಿಂದ ಹೋದ್ರೆ ನಿಮ್ಮ ಹೌಸಿಂಗ್ ಕಡಿಮೆ ಆಗ್ತದಾ?’

ಇವರು ಮೀನಿನ ಚೀಲದ ಗಂಟು ಬಿಚ್ಚುತ್ತಾ, ‘ಆಗ್ತದೆ. ಮಗಳು ಇದ್ರೂ ಬ್ಯಾಚುಲರ್ ಸ್ಟೇಟಸ್ ಮಾಡ್ತಾರೆ’ ಎಂದರು.

‘ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?’

‘ಎಂತ ಹೇಳುದು? ನಿನಗೆ ಹೆಚ್ಚಾದಷ್ಟೇ ನನಗೆ ಕಡಿಮೆ ಆಗ್ತದೆ. ಮನೆಗೆ ಬರುವುದು ಅಷ್ಟೇ ಅಲ್ವಾ? ಸುಮ್ನೆ ಯಾಕೆ ಇಷ್ಟೆಲ್ಲ ತಲೆಬಿಸಿ?’

‘ಮನೆಗೆ ಬರುವುದು ಅಷ್ಟೇ ಆದ್ರೆ ನನ್ನ ಹೆಸರಲ್ಲಿ ಬರ್ಲಿ. ನಿಮಗೆಂತ ನಷ್ಟ?’

‘ನಿನಗೆ ಬೇಕಾದದ್ದು ನಾನು ಕೊಡುದಿಲ್ವಾ?’

‘ಕೊಡ್ತೀರಿ. ಅದೇ ನಾನು ಹೇಳುದು. ನೀವು ಕೊಡ್ತೀರಿ.’

ಹಾಲ್‌ನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತದೆ, ‘ಬಟ್ ಯು ಡೂ ದ ಸೇಮ್ ವರ್ಕ್, ಮಮ್ಮಾ. ದಟ್ಸ್ ಸೋ ಸ್ಟುಪಿಡ್’ ಎಂದಳು. ಸ್ಟುಪಿಡ್ ಯಾವುದು ಎಂದು ಅವಳು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಆ ದಿನದ ಬಂಗುಡೆ ಸಾರಿಗೆ ಹುಳಿ ಹಾಕಲು ಮರೆತೆ. ಇವರು ಹಾಗೇ ಉಂಡರು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಮಾತು ಉಪ್ಪು ಎಣ್ಣೆಗಷ್ಟೇ ಉಳಿಯಿತು. ಇವರು ಹಿಂದೆ ಮುಂದೆ ನೋಡುವುದು ದುಡ್ಡಿನ ಕಾರಣಕ್ಕಲ್ಲ ಎಂದು ನನಗೆ ಅನ್ನಿಸತೊಡಗಿತ್ತು. ಲೆಕ್ಕ ಸಮವಾಗುತ್ತದೆ ಎಂದು ಅವರೇ ಹೇಳಿದ್ದರಲ್ಲ. ಆಫೀಸಿನಲ್ಲಿ ‘ಬ್ಯಾಚುಲರ್’ ಎಂದು ತಮಾಷೆ ಮಾಡುತ್ತಾರೆ ಎಂಬ ಸಂಕೋಚವೇ? ಊರಿನವರಿಗೆ ಗೊತ್ತಾದರೆ ಹೆಂಡತಿಯ ಭತ್ಯೆಯಲ್ಲಿ ಇದ್ದಾನೆ ಎನ್ನುತ್ತಾರೆ ಎಂಬ ಭಯವೇ? ಅಥವಾ ನನಗೆ ಗೊತ್ತಿಲ್ಲದ ಬೇರೆ ಏನಾದರೂ ಸಾಲವೋ ವ್ಯವಹಾರವೋ ಇದೆಯೇ? ಅನುಮಾನಕ್ಕೆ ಒಮ್ಮೆ ಬಾಗಿಲು ತೆರೆದರೆ ಅದು ಅಡುಗೆಮನೆವರೆಗೂ ಬರುತ್ತದೆ. ಇವರು ಸ್ನಾನಕ್ಕೆ ಹೋದಾಗ ಇವರ ಬ್ರೀಫ್‌ಕೇಸಿನ ಮುಂದೆ ಒಂದು ಗಳಿಗೆ ನಿಂತೆ. ತೆರೆಯಲಿಲ್ಲ. ಆದರೆ ಹಾಗೆ ನಿಂತದ್ದು ನನಗೇ ಅಸಹ್ಯವಾಯಿತು.

ಈದ್ ಹತ್ತಿರವಾದಾಗ ಮುದುಕ ಸಾಹೇಬ ನನ್ನನ್ನು ಕೋಣೆಗೆ ಕರೆದ. ಉಳಿದವರೆಲ್ಲ ಕಾಗದ ಕೊಟ್ಟಿದ್ದಾರೆ, ನೀವೊಬ್ಬರೇ ಬಾಕಿ ಎಂದ. ‘ನಾನು ಬೇಕಾದರೆ ನಿಮ್ಮ ಗಂಡನಿಗೆ ಫೋನ್ ಮಾಡುತ್ತೇನೆ. ಗಂಡಸರಿಗೆ ಗಂಡಸರು ಹೇಳಿದರೆ ಬೇಗ ಅರ್ಥವಾಗುತ್ತದೆ.’

‘ಬೇಡ’ ಎಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಹೊರಗಿನ ಟೈಪಿಂಗ್ ಸದ್ದು ನಿಂತಿತು. ‘ನನ್ನ ಸಂಬಳ ಒಮ್ಮೆ ಈ ಆಫೀಸು ನನ್ನ ಗಂಡನ ಜೊತೆ ಮಾತಾಡಿ ಗೊತ್ತುಮಾಡಿದೆ. ಈ ಸಲ ನನ್ನ ಜೊತೆ ಮಾತಾಡಿ. ಗಂಡನ ವೀಸಾದಲ್ಲೇ ಇಟ್ಟು ಸಮಾನ ಸಂಬಳ ಕೊಡಿ. ಪೈಪು ಬರೆಯುವುದು ನಾನು, ವೀಸಾ ಅಲ್ಲ.’

ಸಾಹೇಬ ಫೋನನ್ನು ಪಕ್ಕಕ್ಕೆ ಸರಿಸಿದ. ಈ ಸಲ ನಗಲಿಲ್ಲ. ‘ನಾನು ಮೊದಲಿದ್ದ ಕಡೆಯೂ ಹೀಗೇ ಆಯಿತು. ಮದುವೆಯಾಗದವರಿಗೆ ಮೊದಲು ಕೊಟ್ಟೆವು. ಮದುವೆಯಾದವರು ಎಷ್ಟೋ ಕಾಲ ಕಾದರು. ನಾವು ಕೊಡಲು ಒಪ್ಪಿದ ಮೇಲೂ ಕೆಲವರು ಬರಲಿಲ್ಲ. ಯಾಕೆಂದು ನನಗೆ ಆಗ ತಿಳಿಯಲಿಲ್ಲ’ ಎಂದ. ಆಮೇಲೆ, ನಿಯಮ ಮಾಡಿದ್ದು ತಾನೊಬ್ಬನೇ ಅಲ್ಲ, ಮಾಲೀಕರು ವೀಸಾ ಇಲ್ಲದೆ ಭತ್ಯೆಗೆ ಒಪ್ಪುವುದಿಲ್ಲ, ನಾಳೆ ಮಧ್ಯಾಹ್ನ ರಜೆ ಶುರುವಾಗುವವರೆಗೆ ಕಾಯುತ್ತೇನೆ ಎಂದು ಎದ್ದು ನಿಂತ. ಅವನು ಒಳ್ಳೆಯವನೋ ಪಾಕಡಾ ಆಸಾಮಿಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಸಂಜೆ ಇವರಿಗೆ ಒಂದೇ ಮಾತು ಹೇಳಿದೆ. ‘ನಾಳೆ ಕೊನೆ ದಿನ. ಸೈನ್ ಮಾಡಿದ್ರೆ ಮಾಡಿ, ಇಲ್ಲದಿದ್ರೆ ಇಲ್ಲ ಅಂತ ಬಾಯಿ ಬಿಟ್ಟು ಹೇಳಿ. ಕಂಟೇನರ್ ಬರ್ತದೆ, ಬೆನ್ನು ನೋವು, ಅದೆಲ್ಲ ಹೇಳ್ಬೇಡಿ.’ ಇವರು ಟೀವಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. ನಾನು ಸೋತೆ ಎಂದೇ ಅಂದುಕೊಂಡೆ. ಪುತ್ತೂರಿನವನ ಪಕ್ಕ ಕೂತು, ಚೇಚಿಯ ಎದುರು ಬುತ್ತಿ ಬಿಚ್ಚಿ, ಹಳೆಯ ಸಂಬಳಕ್ಕೆ ಇನ್ನೆಷ್ಟು ವರ್ಷ ಆ ನಕ್ಷೆ ಬರೆಯಬೇಕೋ ಎಂದು ಯೋಚಿಸುತ್ತಾ ಪಾತ್ರೆ ತೊಳೆದೆ.

ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಇವರು ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ‘ಬಾ, ಬಿಡ್ತೇನೆ’ ಎಂದರು. ಜೆಬೆಲ್ ಅಲಿ ಒಂದು ದಿಕ್ಕು, ದೇರಾ ಇನ್ನೊಂದು ದಿಕ್ಕು. ಇವರು ನನ್ನನ್ನು ಆಫೀಸಿಗೆ ಬಿಡುವುದು ಎಂದರೆ ಅಪರೂಪ. ದಾರಿಯುದ್ದಕ್ಕೂ ರೇಡಿಯೋದಲ್ಲಿ ಒಬ್ಬ ಹಿಂದಿಯಲ್ಲಿ ಈದ್ ಬಟ್ಟೆಯ ಜಾಹೀರಾತು ಒದರುತ್ತಿದ್ದ. ಸೇತುವೆ ದಾಟಿ ನಮ್ಮ ಆಫೀಸಿನ ಹಿಂದಿನ ಗಲ್ಲಿಯಲ್ಲಿ ಕಾರು ನಿಲ್ಲಿಸಿ, ‘ಕಾಗದ ಕೊಡು’ ಎಂದರು. ಕಾಗದ ನನ್ನ ಚೀಲದಲ್ಲೇ ಇತ್ತು. ಸ್ಟೀರಿಂಗ್ ಮೇಲೆ ಇಟ್ಟು ಸಹಿ ಹಾಕಿದರು. ಪೆನ್ನು ಮುಚ್ಚಿದರೂ ಕಾಗದ ಕೈಬಿಡಲಿಲ್ಲ.

‘ಒಂದು ಕೇಳ್ತೇನೆ, ಸಿಟ್ಟು ಮಾಡ್ಬೇಡ’ ಎಂದರು, ಎದುರಿನ ಗೋಡೆ ನೋಡುತ್ತಾ.

‘ಕೇಳಿ.’

‘ನಿನ್ನ ಹೆಸರಲ್ಲೇ ವೀಸಾ, ನಿನ್ನದೇ ಹೌಸಿಂಗು, ನಿನ್ನದೇ ಟಿಕೆಟು. ಇನ್ನು ನೀನು ನನ್ನ ಜೊತೆ ಇರ್ಲಿಕ್ಕೆ ಎಂತ ಕಾರಣ ಉಂಟು?’

ತಮಾಷೆಗೆ ಎಂದು ಒಂದು ಕ್ಷಣ ಅಂದುಕೊಂಡೆ. ಆದರೆ ಇವರು ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ಇಡೀ ತಿಂಗಳು ಕಂಟೇನರ್, ಬೆನ್ನು, ಹೌಸಿಂಗ್ ಎಂದೆಲ್ಲ ಹೇಳಿದ್ದು ಈ ಒಂದು ಮಾತನ್ನು ಹೇಳಲಾರದೆ ಎಂದು ಆಗ ಗೊತ್ತಾಯಿತು. ಆ ಕ್ಷಣ ನನಗೆ ಕರುಣೆ ಬರಬೇಕಿತ್ತು, ಬರಲಿಲ್ಲ. ಉಕ್ಕಿ ಬಂದದ್ದು ಕೋಪ.

‘ಅಂದ್ರೆ ಇಷ್ಟು ವರ್ಷ ನಾನು ಇದ್ದದ್ದು ವೀಸಾಕ್ಕೆ ಅಂತ ನಿಮ್ಮ ಲೆಕ್ಕವಾ?’

ಇವರು ಕಾಗದ ಕೊಟ್ಟರು. ನಾನು ಇಳಿದು ಬಾಗಿಲು ಹಾಕಿದೆ. ಮೆಟ್ಟಿಲು ಹತ್ತಿ ಸಾಹೇಬನ ಕೋಣೆಗೆ ಹೋಗಿ ಕಾಗದವನ್ನೂ ನನ್ನ ಪಾಸ್‌ಪೋರ್ಟನ್ನೂ ಮೇಜಿನ ಮೇಲಿಟ್ಟೆ. ‘ಕಂಗ್ರಾಜುಲೇಷನ್ಸ್’ ಎಂದು ಅವನು ಕೈ ಚಾಚಿದ. ಕೈ ಕುಲುಕಿದೆ. ಪುತ್ತೂರಿನವನ ಸಂಬಳ ಈಗ ನನ್ನ ಸಂಬಳ. ಅದಕ್ಕಾಗಿ ಇಷ್ಟು ವರ್ಷ ಹಲ್ಲು ಕಡಿದವಳಿಗೆ ಆ ಗಳಿಗೆಯಲ್ಲಿ ಅದು ತಲೆಗೇ ಹೋಗಲಿಲ್ಲ. ನಕ್ಷೆಗಳ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ.

ಹೊಸ ಸಂಬಳ ಬಂತು, ಬರುತ್ತಲೇ ಇತ್ತು, ಯಾರೂ ಕಿತ್ತುಕೊಳ್ಳಲಿಲ್ಲ. ಪುತ್ತೂರಿನವನ ಇನ್‌ಕ್ರಿಮೆಂಟಿಗೂ ಕತ್ತರಿ ಬೀಳಲಿಲ್ಲ, ತಂಗಿಯ ಮದುವೆಯ ಲಾಡು ತಂದುಕೊಟ್ಟ. ಆದರೆ ಚೇಚಿಯ ಅನುಮಾನ ಪೂರ್ತಿ ಸುಳ್ಳಾಯಿತು ಎನ್ನುವ ಹಾಗೂ ಇಲ್ಲ. ಅದಾದ ಮೇಲೆ ನಾನು ಅಲ್ಲಿ ಇರುವವರೆಗೆ ನಮ್ಮ ವಿಭಾಗಕ್ಕೆ ಹೊಸದಾಗಿ ಒಬ್ಬ ಹೆಂಗಸನ್ನೂ ತೆಗೆದುಕೊಳ್ಳಲಿಲ್ಲ. ಅಗ್ಗಕ್ಕೆ ಸಿಗುವುದಿಲ್ಲವಾದ ಮೇಲೆ ನಾವು ಅವರಿಗೆ ಬೇಡವಾದೆವು ಎಂದು ಚೇಚಿ ಹೇಳುತ್ತಿದ್ದರು. ಇರಬಹುದು.

ನಾನು ಗಂಡನನ್ನು ಬಿಟ್ಟು ಹೋಗಲಿಲ್ಲ. ಹೋಗುವ ಯೋಚನೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಅದನ್ನು ಬಾಯಿ ಬಿಟ್ಟು ಹೇಳಿದ್ದರೆ ಇವರಿಗೆ ಸಮಾಧಾನವಾಗುತ್ತಿತ್ತೋ ಏನೋ, ಆದರೆ ಹಾಗೆ ಹೇಳಿ ಅವರ ಅನುಮಾನಕ್ಕೆ ಮರ್ಯಾದೆ ಕೊಡಲು ನನ್ನ ಸಿಟ್ಟು ಬಿಡಲಿಲ್ಲ. ಇವರೂ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಮೊದಲೆಲ್ಲ ನಾನು ಸಂಜೆ ಮನೆಗೆ ಬಂದರೆ ಇವರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಆಮೇಲೆ ಬೀಗದ ಸದ್ದಾದ ಕೂಡಲೇ ಎದ್ದು ಬಂದು ನನ್ನ ಮುಖ ನೋಡುತ್ತಿದ್ದರು, ಇವತ್ತೂ ಬಂದಳಲ್ಲ ಎನ್ನುವ ಹಾಗೆ. ನಾನು ಚಪ್ಪಲಿ ಬಿಡುವವರೆಗೂ ಅಲ್ಲೇ ನಿಂತಿರುತ್ತಿದ್ದರು.